ಮಾತು ತಡವಾದ ಮಗುವಿಗೆ ಆಟವೇ ಪಾಠ

ಎರಡು ವರ್ಷ ತುಂಬಿದ ಮಗು ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದಗಳನ್ನು ಕೂಡಿಸಿ ಆಡದಿದ್ದರೆ, ತಾನಾಗಿಯೇ ಬರುತ್ತದೆಂದು ಸುಮ್ಮನಿರುವುದು ಸಲ್ಲದು. ಮಗು ಕೇಳಿಯೇ ಮಾತು ಕಲಿಯುವುದರಿಂದ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಚಿಕಿತ್ಸೆಗಳೆರಡೂ ದೊರೆಯುತ್ತವೆ.

ಚಿಕಿತ್ಸಕರು ಕಲಿಸಿದ್ದನ್ನು ಮನೆಯಲ್ಲಿ ಆಟದ ಮೂಲಕ ಮುಂದುವರಿಸಬೇಕು. ಕನ್ನಡಿಯ ಮುಂದೆ ‘ಪ’, ‘ಬ’, ‘ಮ’ ಎಂದು ನುಡಿದು ತೋರಿದರೆ, ತುಟಿಗಳು ಕೂಡುವುದನ್ನು ಮಗು ಕಾಣುತ್ತದೆ. ಸೋಪಿನ ಗುಳ್ಳೆಯನ್ನು ಊದಿ, ಮತ್ತೊಂದನ್ನು ಊದುವ ಮುನ್ನ ತುಸು ತಡೆಯಿರಿ. ಮಗು ‘ಊದು’ ಎನ್ನಲು ಅಥವಾ ಸನ್ನೆ ಮಾಡಲು ಅವಕಾಶವಾಗುತ್ತದೆ. ಅದು ‘ಚೆಂಡು’ ಎಂದರೆ ನೀವು ‘ಕೆಂಪು ಚೆಂಡು’ ಎನ್ನಿರಿ. ತಪ್ಪಾಗಿ ನುಡಿದರೆ ಗದರದೆ, ಸರಿಯಾದ ರೂಪವನ್ನು ತಾವೇ ಮತ್ತೊಮ್ಮೆ ನುಡಿಯಿರಿ. ಮೊಬೈಲ್ ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ. ಆ ತಾಳ್ಮೆ ಮನೆಯವರಲ್ಲಿರಬೇಕು.