ಉಡುಗೊರೆಯ ಕೌದಿ: ಕಾಣದ ಒಳಪದರಿಗೆ ಗಮನವಿರಲಿ

ಭತ್ತದ ಸುಗ್ಗಿ ಮುಗಿದು, ಹುಲ್ಲಿನ ಬಣವೆ ಒಟ್ಟಿದ ಮೇಲೆ ಖಾನಾಪುರ ತಾಲ್ಲೂಕಿನ ಗುಂಜಿ ಸುತ್ತಿನ ಹಳ್ಳಿಗಳಲ್ಲಿ ಮನೆಮಂದಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಕೌದಿ ಹೊಲಿಯಲು ಇದು ತಕ್ಕ ಕಾಲ. ಕನ್ನಡ ಮಾತನಾಡುವ ಮನೆಗಳಲ್ಲಿ ಇದು ಕೌದಿ. ಮರಾಠಿ ಮಾತನಾಡುವ ನೆರೆಮನೆಯಲ್ಲಿ ವಾಕಳ ಅಥವಾ ಗೋಧಡಿ. ಹೆಸರು ಯಾವುದಾದರೂ ವಸ್ತು ಒಂದೇ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಕೈಯಿಂದ ಹೊಲಿದು ಮಾಡಿದ ಹಾಸಿಗೆ ಮತ್ತು ಹೊದಿಕೆ.

ಮನೆಯ ಬಳಕೆಗೆ ಕೌದಿ ಹೊಲಿಯುವುದು ಬೇರೆ, ಗಂಡನ ಮನೆಗೆ ಹೊರಟ ಮಗಳಿಗೋ, ತಂಗಿಯ ಕೂಸಿಗೋ, ವಯಸ್ಸಾದ ಸೋದರತ್ತೆಗೋ ಕೊಡಲೆಂದು ಹೊಲಿಯುವುದು ಬೇರೆ. ನಿಮ್ಮ ಮನೆಯ ಕೌದಿಯೊಳಗೆ ಏನಿದೆ ಎಂಬುದು ನಿಮಗೆ ಗೊತ್ತು. ಉಡುಗೊರೆ ಪಡೆದವರಿಗಾದರೋ ಮೇಲಿನ ತೇಪೆಗಳ ಅಂದ ಮಾತ್ರ ಕಾಣುತ್ತದೆ. ಒಳಪದರನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ನಿಮ್ಮನ್ನು ನಂಬಿ ಅದರ ಮೇಲೆ ಕೂಸನ್ನು ಮಲಗಿಸುತ್ತಾರೆ. ಆದ್ದರಿಂದ ಒಳಪದರಿನ ಹೊಣೆ ಪೂರ್ತಿಯಾಗಿ ಕೊಡುವವರದು.

ಇದು ಹೆಂಗಸರ ಕೆಲಸವೆಂದು ಗಂಡಸರು ಈ ಪುಟವನ್ನು ತಿರುವಿಹಾಕಬಾರದು. ಕೌದಿಯೊಳಗೆ ಹೋಗಬಾರದ ಬಟ್ಟೆಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ಅವರ ಮೈಮೇಲಿಂದಲೇ ಬರುತ್ತದೆ.

ಒಳಗೆ ಸೇರಿಸಬಾರದ ಬಟ್ಟೆಗಳು

1. ಔಷಧ ಸಿಂಪಡಿಸುವಾಗ ತೊಟ್ಟ ಬಟ್ಟೆ: ಭತ್ತ, ಕಬ್ಬು, ಗೇರು ಬೆಳೆಗಳಿಗೆ ಕೀಟನಾಶಕ ಹೊಡೆಯುವಾಗ ತೊಟ್ಟ ಅಂಗಿ, ಸೊಂಟಕ್ಕೆ ಸುತ್ತಿದ ಲುಂಗಿ, ಮುಖಕ್ಕೆ ಕಟ್ಟಿದ ವಸ್ತ್ರ ಇವು ಯಾವುವೂ ಕೌದಿಗೆ ಬರಬಾರದು. ಎಣ್ಣೆ ರೂಪದ ಕೀಟನಾಶಕವು ನೂಲಿನೊಳಕ್ಕೆ ಇಳಿದು ಕೂರುತ್ತದೆ. ನೀರು ಬೆರೆಸದ ಔಷಧ ಚೆಲ್ಲಿ ತೊಯ್ದ ಬಟ್ಟೆಯನ್ನು ಎಷ್ಟು ಸಲ ಒಗೆದರೂ ವಿಷ ಪೂರ್ತಿ ಹೋಗುವುದಿಲ್ಲ. ವಾಸನೆ ಹೋಯಿತೆಂದರೆ ವಿಷ ಹೋಯಿತು ಎಂದು ಅರ್ಥವಲ್ಲ. ದೊಡ್ಡವರ ಚರ್ಮಕ್ಕಿಂತ ಕೂಸಿನ ಚರ್ಮ ತೆಳು. ರಾತ್ರಿಯಿಡೀ ಅದಕ್ಕೆ ತಾಗಿಕೊಂಡಿರುವುದು ಕೌದಿ. ಸಿಂಪಡಣೆಗೆಂದೇ ಒಂದು ಜೊತೆ ಬಟ್ಟೆಯನ್ನು ಬೇರೆ ಇಟ್ಟು, ಬೇರೆಯಾಗಿ ಒಗೆದು, ಬೇರೆ ಗೂಟಕ್ಕೆ ತೂಗುಹಾಕಿರಿ. ಆಗ ಅದು ಹಳೆ ಬಟ್ಟೆಯ ಗಂಟಿಗೆ ಸೇರುವ ಸಂಭವವೇ ಇರುವುದಿಲ್ಲ.

2. ಗೊಬ್ಬರ, ಬೀಜದ ಚೀಲಗಳು: ದಪ್ಪ ಬರಲೆಂದು ಕೆಲವರು ಚೀಲಗಳನ್ನು ಒಳಗೆ ಹಾಸುವುದುಂಟು. ಉಪಚರಿಸಿದ ಬಿತ್ತನೆ ಬೀಜದ ಚೀಲದಲ್ಲಿ ಔಷಧದ ಪುಡಿ ಉಳಿದಿರುತ್ತದೆ. ಪ್ಲಾಸ್ಟಿಕ್ ನೂಲಿನ ಚೀಲ ಬೆವರನ್ನು ಹೀರುವುದಿಲ್ಲ, ಬೇಗನೆ ಪುಡಿಯಾಗಿ ಚುಚ್ಚುತ್ತದೆ.

3. ಪಾಲಿಯೆಸ್ಟರ್, ನೈಲಾನ್ ಬಟ್ಟೆ: ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಗೆ ಇಡುವ ರೂಢಿ ನಮ್ಮಲ್ಲಿದೆ, ಮಳೆಗಾಲದಲ್ಲಿ ಒಲೆಯ ಹತ್ತಿರವೇ ಮಲಗುವವರೂ ಇದ್ದಾರೆ. ಕಿಡಿ ತಾಗಿದರೆ ಹತ್ತಿ ಬಟ್ಟೆಯೂ ಉರಿಯುತ್ತದೆ, ನಿಜ. ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಂಡು ಸುಟ್ಟಗಾಯವನ್ನು ಆಳ ಮಾಡುತ್ತದೆ. ಇನ್ನೊಂದು ದೋಷವೆಂದರೆ ಹತ್ತಿ ಮೆತ್ತಗಾಗುತ್ತ ಸವೆಯುತ್ತದೆ, ಪಾಲಿಯೆಸ್ಟರ್ ಹಾಗೆಯೇ ಉಳಿಯುತ್ತದೆ. ಎರಡೂ ಒಟ್ಟಿಗಿದ್ದಾಗ ಕೆಲವು ವರ್ಷಗಳಲ್ಲಿ ಹತ್ತಿಯ ಪದರು ಹರಿದು ಒಳಗೇ ಗಂಟುಗಟ್ಟುತ್ತದೆ.

4. ಜೀರ್ಣವಾದ ಬಟ್ಟೆ: ಕೌದಿಯಾಗುವುದು ಹಳೆಯ ಬಟ್ಟೆಯಿಂದಲೇ. ಆದರೆ ಹಳೆಯದು ಬೇರೆ, ಜೀರ್ಣವಾದದ್ದು ಬೇರೆ. ಅಜ್ಜಿಯ ಸೀರೆ ಎಂಬ ಪ್ರೀತಿಯಿಂದ ಜೀರ್ಣ ಬಟ್ಟೆಯನ್ನು ಒಳಗೆ ಹಾಕಿದರೆ ಅದು ಯಾರಿಗೂ ಕಾಣದೆ ಪುಡಿಯಾಗುತ್ತದೆ. ಅಂಥದರಲ್ಲಿ ಗಟ್ಟಿ ಉಳಿದ ತುಂಡನ್ನು ಆರಿಸಿ, ಹಿಂದೆ ಬೇರೆ ಬಟ್ಟೆಯ ಆಸರೆ ಕೊಟ್ಟು, ಮೇಲ್ಮೈಯ ತೇಪೆಯಾಗಿ ಹಾಕಿರಿ. ನೆನಪಿನ ಬಟ್ಟೆ ಕಣ್ಣಿಗೆ ಕಾಣುವಂತೆಯೂ ಇರುತ್ತದೆ.

ಬಟ್ಟೆಯನ್ನು ಪರೀಕ್ಷಿಸುವ ವಿಧಾನ

ಯಾವ ನೂಲು ಎಂದು ತಿಳಿಯಲು ಅಂಚಿನಿಂದ ನಾಲ್ಕೆಳೆ ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು, ಮನೆಯ ಹೊರಗೆ ದೀಪದ ಉರಿಗೆ ಹಿಡಿಯಿರಿ. ಹತ್ತಿಯ ಎಳೆ ಕಾಗದದಂತೆ ಉರಿದು, ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಂತಾಗುತ್ತದೆ. ಟೆರಿಕಾಟ್‌ನಂಥ ಮಿಶ್ರ ಬಟ್ಟೆ ಉರಿದು, ಬೂದಿಯ ಜೊತೆಗೆ ಗಟ್ಟಿ ಚೂರನ್ನೂ ಉಳಿಸುತ್ತದೆ.

ಗಟ್ಟಿತನ ತಿಳಿಯಲು ಬಟ್ಟೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಎಳೆಯಿರಿ. ಪರ್ರೆಂದು ಹರಿದರೆ ಬೇಡ. ಬಣ್ಣದ ಪರೀಕ್ಷೆಗೆ ಬಿಳಿಯ ಚಿಂದಿಯನ್ನು ಜೊತೆಗೆ ಸುತ್ತಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿರಿ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಉಡುಗೊರೆಯ ಕೌದಿಗೆ ಬಳಸಬಾರದು.

ಇಳಕಲ್ ಸೀರೆಯ ವಿಷಯದಲ್ಲಿ ಒಂದು ಮಾತು. ಇದರ ಒಡಲಿನ ನೂಲು ಮತ್ತು ಸೆರಗಿನ ನೂಲು ಬೇರೆ ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆ ಸೆರಗು ಇದ್ದರೆ ಎರಡೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಆದ್ದರಿಂದ ಸೆರಗನ್ನು ಕತ್ತರಿಸಿ ಬೇರೆ ಮಾಡಿ, ಒಡಲನ್ನು ಒಳಪದರಿಗೂ ಸೆರಗನ್ನು ಮೇಲಿನ ತೇಪೆಗೂ ಉಪಯೋಗಿಸಿರಿ.

ಯಾರಿಗೆ ಎಷ್ಟು ದಪ್ಪ?

ದಪ್ಪವಾದಷ್ಟೂ ಒಳ್ಳೆಯ ಕೌದಿ ಎಂಬ ಭಾವನೆ ಸರಿಯಲ್ಲ. ಕೌದಿಯನ್ನು ಒಗೆಯುವವರು ಯಾರು, ಒಣಗಿಸುವುದು ಎಲ್ಲಿ ಎಂದು ಮೊದಲು ಯೋಚಿಸಿರಿ. ದೊಡ್ಡವರ ಕೌದಿ 2.1 ಮೀಟರ್ ಉದ್ದ, 1.4 ಮೀಟರ್ ಅಗಲ ಇದ್ದರೆ ಸಾಕು. ಅಂದರೆ ಸುಮಾರು 3 ಚದರ ಮೀಟರ್. ಒಂದು ಸೀರೆ 5.5 ಮೀಟರ್ ಉದ್ದ, 1.15 ಮೀಟರ್ ಅಗಲ ಇದ್ದರೆ 6.3 ಚದರ ಮೀಟರ್ ಬಟ್ಟೆಯಾಯಿತು. ಜೋಡಿಸಿ ಹಾಸಿದರೆ ಒಂದು ಸೀರೆಯಲ್ಲಿ ಎರಡು ಪದರು ಬರುತ್ತವೆ. ಆರು ಪದರಿನ ಕೌದಿಗೆ ಮೂರು ಸೀರೆಯಷ್ಟು ಬಟ್ಟೆ ಬೇಕು. ಒಂದು ಹತ್ತಿ ಸೀರೆಗೆ ಅರ್ಧ ಕಿಲೊ ಎಂದು ಹಿಡಿದರೆ, ತೇಪೆ, ಅಂಚುಪಟ್ಟಿ, ದಾರ ಸೇರಿ ಕೌದಿ ಎರಡು ಕಿಲೊ ಹತ್ತಿರ ಬರುತ್ತದೆ. ತೊಯ್ದಾಗ, ಚೆನ್ನಾಗಿ ಹಿಂಡಿದ ಮೇಲೂ, ಅದರ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ.

ಮಗಳಿಗೆ ಆರು ಪದರಿನದು ಕೊಡಬಹುದು. ವಯಸ್ಸಾದವರಿಗೆ ನಾಲ್ಕು ಪದರು ಸಾಕು. ಬೇಕಾದರೆ ಅಂಥವು ಎರಡು ಕೊಡಿರಿ. ಚಳಿಯಲ್ಲಿ ಎರಡನ್ನೂ ಹೊದೆಯಬಹುದು, ಒಂದೊಂದಾಗಿ ಒಗೆಯಬಹುದು.

ಕೂಸಿನ ಕೌದಿ 75 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, ಮೂರು ಪದರು ಇರಲಿ. ದೊಡ್ಡದೊಂದರ ಬದಲು ಇಂಥ ಚಿಕ್ಕವು ಮೂರು ನಾಲ್ಕು ಕೊಟ್ಟರೆ ಬಾಣಂತಿಗೆ ಅನುಕೂಲ. ಗುಂಡಿ, ಮಣಿ, ಕನ್ನಡಿ ಚೂರು, ಜರಿ ಬೇಡ. ಅಂಗಿಯ ಗುಂಡಿ, ಕುಬಸದ ಕೊಂಡಿಗಳನ್ನು ಕಿತ್ತೇ ಬಟ್ಟೆ ಬಳಸಿರಿ. ಈ ಕೌದಿ ಇರುವುದು ಕೂಸಿನ ಕೆಳಗೆ ಹಾಸಲಿಕ್ಕೆ. ಮಲಗಿದ ಎಳೆಗೂಸಿನ ಮೇಲೆ ದಪ್ಪ ಕೌದಿ ಹೊದಿಸಿಬಿಟ್ಟರೆ ಅದು ಮುಖದ ಮೇಲೆ ಸರಿದು ಉಸಿರು ಕಟ್ಟುವ ಅಪಾಯವಿದೆ. ಕೊಡುವಾಗ ಈ ಮಾತನ್ನು ತಾಯಿಗೆ ಬಾಯಿಬಿಟ್ಟು ಹೇಳಿರಿ.

ಹೊಲಿಯುವ ಮೊದಲು

ಆರಿಸಿದ ಬಟ್ಟೆಗಳನ್ನು ಸೋಡಾ ಹಾಕಿದ ಕುದಿನೀರಿನಲ್ಲಿ ಅರ್ಧ ಗಂಟೆ ಇಟ್ಟು ಒಗೆಯಿರಿ. ರೇಷ್ಮೆಯ ಸೆರಗನ್ನು ಮಾತ್ರ ಕುದಿಸದೆ ತಣ್ಣೀರಿನಲ್ಲಿ ಒಗೆಯಬೇಕು. ಕುದಿಸುವುದರಿಂದ ಕಜ್ಜಿಯ ನುಸಿ, ಹೇನು, ತಿಗಣೆಗಳು ಸಾಯುತ್ತವೆ. ಗಂಜಿ ಹಾಕಿದ ಬಟ್ಟೆಯಾದರೆ ಗಂಜಿಯೂ ಹೋಗುತ್ತದೆ. ಗಂಜಿ ಉಳಿದ ಬಟ್ಟೆಗೆ ಜಿರಲೆ, ಇಲಿ ಬೇಗ ಬೀಳುತ್ತವೆ. ಮೇಲೆ ಕೆಳಗೆ ಹಾಕಲು ಹೊಸ ಬಟ್ಟೆ ತಂದಿದ್ದರೆ ಅದನ್ನೂ ಒಮ್ಮೆ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತದಲ್ಲೇ ಹೊಸದು ಕುಗ್ಗಿ ಕೌದಿಯೆಲ್ಲ ಮುದುರುತ್ತದೆ. ಒಳಪದರಿನ ಬಟ್ಟೆ ಪೂರ್ತಿ ಒಣಗಿರಬೇಕು. ಹಸಿಯಿದ್ದರೆ ಒಳಗೇ ಬೂಷ್ಟು ಹಿಡಿಯುತ್ತದೆ.

ದಾರದ ಲೆಕ್ಕ

ಹತ್ತಿಯ ದಾರವನ್ನೇ ಬಳಸಿರಿ. ನೈಲಾನ್ ದಾರ ಗಟ್ಟಿ ಎಂಬುದು ನಿಜ, ಆದರೆ ಅದು ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ. ಸಾಲಿನಿಂದ ಸಾಲಿಗೆ ಎರಡು ಬೆರಳು, ಅಂದರೆ 3 ಸೆಂ.ಮೀ. ಅಂತರವಿದ್ದರೆ 1.4 ಮೀಟರ್ ಅಗಲಕ್ಕೆ ಸುಮಾರು 46 ಸಾಲು ಬೀಳುತ್ತವೆ. 2.1 ಮೀಟರ್ ಉದ್ದದಂತೆ 97 ಮೀಟರ್, ನಾಲ್ಕೂ ಅಂಚು ಸೇರಿ 104 ಮೀಟರ್. ಮೇಲೆ ಕೆಳಗೆ ಹೋಗಿಬರುವುದಕ್ಕೂ ಗಂಟುಗಳಿಗೂ ಕಾಲುಭಾಗ ಸೇರಿಸಿದರೆ 130 ಮೀಟರ್. ಎರಡೆಳೆಯಲ್ಲಿ ಹೊಲಿಯುವುದರಿಂದ 260 ಮೀಟರ್ ದಾರ ಬೇಕು. ಒಂದೇ ಸಲ ತಂದಿಟ್ಟುಕೊಂಡರೆ ಬಣ್ಣ ಬದಲಾಗುವುದಿಲ್ಲ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ತೊಡಕಾಗದೆ ಸಲೀಸಾಗಿ ಓಡುತ್ತದೆ.

ಹೊಲಿಯುವ ಕ್ರಮ

1. ಸಾರಿಸಿ ಒಣಗಿದ ನೆಲದ ಮೇಲೆ ಅಡಿಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿರಿ.

2. ಒಳಪದರುಗಳನ್ನು ಒಂದರ ಮೇಲೊಂದು ಹಾಸಿರಿ. ಬಟ್ಟೆ ಕೂಡಿಸಿದ ಜಾಗಗಳು ಒಂದರ ಮೇಲೊಂದು ಬರಬಾರದು. ಬಂದರೆ ಅಲ್ಲಿ ದಿಂಡು ಏಳುತ್ತದೆ.

3. ಮೇಲುಬಟ್ಟೆ ಹಾಸಿ, ನಡುವಿನಿಂದ ನಾಲ್ಕೂ ಕಡೆಗೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಿರಿ. ಇದರಿಂದ ಸುಕ್ಕುಗಳು ಹೊರಗೆ ಸರಿಯುತ್ತವೆ.

4. ತೇಪೆಗಳ ಅಂಚನ್ನು 1 ಸೆಂ.ಮೀ. ಒಳಗೆ ಮಡಿಚಿ ಕೂರಿಸಿರಿ. ಮಡಿಚದ ಅಂಚು ಒಗೆತದಲ್ಲಿ ಎಳೆ ಬಿಡುತ್ತದೆ.

5. ಎಲ್ಲ ಪದರುಗಳನ್ನೂ ಹಿಡಿಯುವಂತೆ ಸಾದಾ ಓಡುಹೊಲಿಗೆ ಹಾಕಿರಿ. ಒಂದೊಂದು ಹೊಲಿಗೆ ಭತ್ತದ ಕಾಳಿನಷ್ಟು ಉದ್ದವಿರಲಿ. ಆಗಾಗ ತಿರುವಿಹಾಕಿ, ಸೂಜಿ ಅಡಿಬಟ್ಟೆಯನ್ನು ಹಿಡಿದಿದೆಯೇ ಎಂದು ನೋಡಿರಿ.

6. ಕೊನೆಗೆ ಅಂಚಿಗೆ ಗಟ್ಟಿ ಬಟ್ಟೆಯ ಪಟ್ಟಿಯನ್ನು ಎರಡು ಮಡಿಕೆ ಮಾಡಿ ಹೊಲಿದು, ಕಚ್ಚಾ ಹೊಲಿಗೆಯನ್ನು ಕಿತ್ತುಹಾಕಿರಿ. ಕೌದಿ ಮೊದಲು ಹರಿಯುವುದು ಅಂಚಿನಲ್ಲಿಯೇ.

ಇದು ಸಾಲುಹೊಲಿಗೆಯ ಕ್ರಮ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರ ಕ್ರಮ ಬೇರೆ. ಅವರು ಅಂಚಿನಿಂದ ಪ್ರಾರಂಭಿಸಿ, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಿಚಿದ ಮುಕ್ಕೋನ ಬಟ್ಟೆಯ ಹೂವು ಇಡದಿದ್ದರೆ ಕೌದಿ ಪೂರ್ತಿಯಾಗಲಿಲ್ಲವೆಂದೇ ಅವರ ಎಣಿಕೆ. ಇವರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಿದ್ದವು. ಸುತ್ತುಹೊಲಿಗೆಯಲ್ಲಿ ಸುಕ್ಕು ನಡುವೆ ಸೇರುವ ಸಂಭವ ಹೆಚ್ಚು. ಹೊಸದಾಗಿ ಕಲಿಯುವವರು ಅದನ್ನು ಕೂಸಿನ ಚಿಕ್ಕ ಕೌದಿಯ ಮೇಲೆ ಪ್ರಯೋಗಿಸಿ ನೋಡುವುದು ಒಳ್ಳೆಯದು.

ಕೂಲಿ ಕೊಟ್ಟು ಹೊಲಿಸುವವರೂ ಇದ್ದಾರೆ. ಬಯಲುಸೀಮೆಯ ಊರುಗಳಲ್ಲಿ ಗೊಂದಲಿ ಸಮುದಾಯದ ಹೆಂಗಸರು ಮನೆಬಾಗಿಲಿಗೆ ಬಂದು ಕೌದಿ ಹೊಲಿದುಕೊಡುವ ಪದ್ಧತಿಯುಂಟು. ಅವರ ಕೈ ಪಳಗಿದ ಕೈ. ಆದರೆ ನೀವು ಕೊಟ್ಟ ಬಟ್ಟೆಯನ್ನೇ ಅವರು ಹಾಸುತ್ತಾರೆ. ಗಂಟನ್ನು ಹಾಗೆಯೇ ಎತ್ತಿಕೊಡದೆ, ಮೊದಲು ಬಿಚ್ಚಿ ಬಟ್ಟೆ ಆರಿಸುವ ಕೆಲಸ ನಿಮ್ಮದು.

ಒಗೆತ ಮತ್ತು ಸಂಗ್ರಹ

ಗುಂಜಿ, ಲೋಂಡಾ, ಕಣಕುಂಬಿ ಸೀಮೆಯ ಮಳೆಯಲ್ಲಿ ತೊಯ್ದ ಕೌದಿ ದಿನಗಟ್ಟಲೆ ಒಣಗುವುದಿಲ್ಲ. ಅದಕ್ಕಾಗಿ ಜೂನ್ ಮೊದಲ ವಾರದ ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಬಿಸಿಲು ಬಿದ್ದ ಮೇಲೆ ಇನ್ನೊಮ್ಮೆ ಒಗೆಯುವುದು ಸೂಕ್ತ. ನಡುವೆ ಹೊಳವಾದ ದಿನ ಬಿಸಿಲಿಗೆ ಹರವಿ, ಎರಡೂ ಮಗ್ಗುಲು ಕಾಯಿಸಿರಿ. ಮಡಿಚುವಾಗ ಪ್ರತಿ ಸಲವೂ ಮಡಿಕೆ ಬದಲಾಯಿಸಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿರಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡಿರಿ.

ಕೂಸಿನ ಕೌದಿಗೆ ನುಸಿಗುಳಿಗೆ ಹಾಕಲೇಬಾರದು. ಕೆಲವು ಮಕ್ಕಳ ರಕ್ತದಲ್ಲಿ ಜಿ-6-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥ ಮಕ್ಕಳಿಗೆ ನ್ಯಾಫ್ತಲೀನ್ ಗುಳಿಗೆಯ ಆವಿ ತಾಗಿದರೆ ರಕ್ತಕಣಗಳು ಒಡೆದು ಕಾಮಾಲೆ ಬರುತ್ತದೆ. ಈ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆ, ಹೊದಿಕೆಗಳಿಂದ ಹಸುಗೂಸುಗಳಿಗೆ ಪ್ರಾಣಾಪಾಯವಾದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಹತ್ತಿಯ ಕೌದಿಗೆ ಈ ಗುಳಿಗೆಯ ಅವಶ್ಯಕತೆಯೂ ಇಲ್ಲ. ಉಣ್ಣೆ ತಿನ್ನುವ ಹುಳು ಶುದ್ಧವಾದ ಹತ್ತಿಯನ್ನು ತಿನ್ನುವುದಿಲ್ಲ. ಒಳ್ಳೆಯ ಬಿಸಿಲು ಮತ್ತು ಒಣಗಿದ ಜಾಗ ಇದ್ದರೆ ಸಾಕು.

ಕೊಡುವ ಮುನ್ನ

ಹೊಲಿದು ಮುಗಿದ ಕೌದಿಯನ್ನು ನೀವೇ ಒಮ್ಮೆ ಒಗೆದು ಒಣಗಿಸಿ ನೋಡಿರಿ. ಬಣ್ಣ ಬಿಡುವುದು, ಮುದುರುವುದು, ಹೊಲಿಗೆ ತಪ್ಪಿದ್ದು ಏನಿದ್ದರೂ ನಿಮ್ಮ ಅಂಗಳದಲ್ಲೇ ಗೊತ್ತಾಗುತ್ತದೆ, ತಿದ್ದಲು ಅವಕಾಶವಿರುತ್ತದೆ. ಆಮೇಲೆ ಒಂದು ರಾತ್ರಿ ಹೊದ್ದು ಮಲಗಿರಿ. ಭಾರವೋ ಹಗುರವೋ, ಎಲ್ಲಿಯಾದರೂ ಚುಚ್ಚುತ್ತದೆಯೋ ಎಂಬುದು ಮೈಗೆ ತಿಳಿಯುತ್ತದೆ. ಒಳಗೆ ಯಾರ ಸೀರೆ, ಯಾರ ಧೋತರ ಹಾಸಿದ್ದೀರಿ ಎಂಬುದನ್ನು ಕೊಡುವಾಗ ಹೇಳಿರಿ. ಹಾಗೆ ಹೇಳಲು ಹಿಂಜರಿಕೆಯಾಗುವಂಥ ಬಟ್ಟೆ ಯಾವುದಾದರೂ ಒಳಗಿದ್ದರೆ, ಆ ಕೌದಿಯನ್ನು ಕೊಡದಿರುವುದೇ ಲೇಸು.