ಜಗಲಿಯ ಮಾಡಿಗೆ ತೆತ್ತ ಬೆಲೆ

ನೇತ್ರಾವತಿಯ ದಂಡೆಯಲ್ಲಿ ನನ್ನ ಅಜ್ಜ 1920ರ ಸುಮಾರಿಗೆ ಕಟ್ಟಿಸಿದ ಮನೆಯ ಮುಂಜಗಲಿಯ ಹಂಚಿನ ಮಾಡು, ಗೆದ್ದಲು ತಿಂದ ಎರಡು ಪಕ್ಕಾಸುಗಳ ದೆಸೆಯಿಂದ ಒಂದು ಮಗ್ಗುಲಿಗೆ ಜಗ್ಗಿದಾಗ, ಅದನ್ನು ಇಡಿಯಾಗಿ ಕೀಳಿಸಿ ಬಣ್ಣದ ತಗಡಿನ ಶೀಟು ಹೊದಿಸುವುದೇ ಮಿತವ್ಯಯವೆಂದು ನಿಶ್ಚಯಿಸಿದವನು ನಾನು. ಎಂಟು ಮಳೆಗಾಲಗಳ ಅನಂತರ ಆ ನಿಶ್ಚಯದ ಲೆಕ್ಕವನ್ನು ಓದುಗರ ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇನೆ.

ಇನ್ನೂರು ಚದರಡಿಯ ಮಾಡು. ಶೀಟಿಗೂ ಕಬ್ಬಿಣದ ಚೌಕಟ್ಟಿಗೂ 36,000 ರೂಪಾಯಿ. ಪಕ್ಕಾಸು, ರೀಪುಗಳನ್ನು ಬದಲಿಸಿ ಹಳೆಯ ಹಂಚನ್ನೇ ಹೊದಿಸಲು ಬಡಗಿ ಹೇಳಿದುದು 52,000. ಇಳಿಸಿದ 300 ಹಂಚುಗಳನ್ನು ಒಂದಕ್ಕೆ ಆರು ರೂಪಾಯಿಯಂತೆ ಮಾರಿದೆನು. ಅವುಗಳ ಮೇಲೆ ಬಾಸೆಲ್ ಮಿಶನ್ನಿನ ಮುದ್ರೆಯೂ, ಮಂಗಳೂರಿನಲ್ಲಿ ಅದರ ಹಂಚಿನ ಕಾರ್ಖಾನೆ ಸ್ಥಾಪಿತವಾದ 1865ನೆಯ ಇಸವಿಯೂ ಅಚ್ಚೊತ್ತಿದ್ದುವು.

ಶೀಟಿನ ಇಳಿಜಾರು ಹಂಚಿನದಕ್ಕಿಂತ ಕಡಿಮೆಯಾದುದರಿಂದ, ಆಷಾಢದ ಗಾಳಿಗೆ ನೀರು ಹಿಮ್ಮೆಟ್ಟಿ, ದೊಡ್ಡ ಮಾಡಿನ ಸೂರಿನಡಿಗೆ ನುಗ್ಗಿ, ಗೋಡೆಯ ಮೇಲಣ ತೊಲೆಯನ್ನು ಮೆತ್ತಗಾಗಿಸಿತು. ಕಡಲ ಉಪ್ಪುಗಾಳಿಗೆ ಸ್ಕ್ರೂ ಕೊರೆದ ಒಂದೊಂದು ತೂತಿನ ಸುತ್ತಲೂ ತುಕ್ಕಿನ ಬಳೆಗಳು ಮೂಡಿದುವು. ಜಡಿಮಳೆಯಲ್ಲಿ ಜಗಲಿಯಲ್ಲಿ ಕುಳಿತ ಇಬ್ಬರಿಗೆ ಪರಸ್ಪರ ಮಾತು ಕೇಳಿಸುತ್ತಿರಲಿಲ್ಲ.

ಈಗ ಲೆಕ್ಕ. ಶೀಟಿನ 36,000ದಲ್ಲಿ ಹಂಚು ಮಾರಿದ 1,800 ಕಳೆದು, ತೊಲೆಯ ದುರಸ್ತಿಯ 14,000 ಕೂಡಿಸಿದರೆ 48,200. ಎಂಟು ವರ್ಷಕ್ಕೆ ಹಂಚಿದರೆ ವರ್ಷವೊಂದಕ್ಕೆ 6,025. ಹಂಚಿನ ಮಾಡು ನಲವತ್ತೇ ವರ್ಷ ಬಾಳುವುದೆಂದು ಹಿಡಿದರೂ ವರ್ಷಕ್ಕೆ 1,300, ಮಳೆಗೆ ಮುನ್ನ ಹಂಚು ಕೈಯಾಡಿಸುವ ಕೂಲಿ 1,200, ಹೆಚ್ಚಿಗೆ ತೊಡಗಿಸಬೇಕಾಗಿದ್ದ 16,000ವನ್ನು ಶೇಕಡ 7ರ ಠೇವಣಿಯಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿ 1,120, ಒಟ್ಟು 3,620. ಬಡ್ಡಿಯನ್ನು ಸೇರಿಸಿಯೂ ಹಂಚೇ ಅಗ್ಗ.

ತಾರಸಿಯ ಮಾತು ಬೇಡ. ಜಗಲಿಯ ಹಳೆಯ ಕಂಬಗಳಿಗೆ ಆ ಭಾರ ಸಲ್ಲದು. ಆದರೆ ಹಂಚಿನ ಆಕೃತಿಯನ್ನೇ ಒತ್ತಿ ಮಾರುವ ತಗಡೊಂದಿದೆ. ಅದನ್ನು ನಾನು ಸರ್ವಥಾ ಒಪ್ಪಲಾರೆ. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಬಹುದು. ಈ ತಗಡು ಒಂದೆಡೆ ತೂತಾದರೆ ಇಡಿಯ ಹಾಳೆಯೇ ಹೋಗಬೇಕು. ನನಗೆ ತೋರಿಸಿದ ಖಾತರಿಪತ್ರವಾದರೋ ಬಣ್ಣವೊಂದಕ್ಕೇ ಹೊಣೆಯಾಗಿತ್ತು.

ಅಜ್ಜ ಪ್ರತಿವರ್ಷ ಅಡಕೆ ಮಾರಿದ ಹಣದಲ್ಲಿ ಮಾಡಿನ ಪಾಲನ್ನು ಮೊದಲು ತೆಗೆದಿರಿಸಿ, ಮೃಗಶಿರೆಗೆ ಮುನ್ನ ಹಂಚು ಕೈಯಾಡಿಸುತ್ತಿದ್ದರು. ವರ್ಷವರ್ಷವೂ 1,200 ತೆಗೆದಿಡಲು ಬೇಸರಪಡುವ ನಾವು ಒಮ್ಮೆಲೇ 36,000 ಸಾಲಮಾಡಲು ಹಿಂಜರಿಯುವುದಿಲ್ಲ. ಈ ಅಭ್ಯಾಸವನ್ನು ಮಕ್ಕಳಾದರೂ ಕಲಿಯದಿರಲಿ.

ಈ ಬೇಸಗೆಯಲ್ಲಿ ಶೀಟು ಇಳಿಸಿದೆನು. ಕೆಡವಿದ ಮನೆಯೊಂದರಿಂದ ತಂದ ಮೊದಲ ಹೊರೆಯ ಹಂಚು ಬೇರೆ ಬೇರೆ ಕಾರ್ಖಾನೆಗಳದು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರದೆ ಹಿಂದಿರುಗಿಸಬೇಕಾಯಿತು. ಕಡೆಗೆ ಬಾಸೆಲ್ ಮಿಶನ್ನಿನ ಮುದ್ರೆಯವೇ 340 ದೊರೆತುವು, ಒಂದಕ್ಕೆ 22 ರೂಪಾಯಿಯಂತೆ. ಮಿಕ್ಕ 40ನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದೇನೆ.