ಡಿಪಿಐ ಆಮೇಲೆ, ಮೊದಲು ಅಂಗೈ ಅಳೆಯಿರಿ

ಮೌಸ್ ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದಿರೋದು ಡಿಪಿಐ. 3200, 6400, 12000 ಹೀಗೆ. ಅಂಗಡಿಯವರು ಅದನ್ನೇ ತೋರಿಸ್ತಾರೆ, ನಾವೂ ಅದನ್ನೇ ನೋಡಿ ದುಡ್ಡು ಕೊಡ್ತೀವಿ. ಮೂರು ಗಂಟೆ ಡ್ರಾಯಿಂಗ್ ಮಾಡಿದ ಮೇಲೆ ಮಣಿಕಟ್ಟು ನೋಯುತ್ತಾ, ಲೈನಿನ ತುದಿಗೆ ತಂದ ಕರ್ಸರ್ ಅಲ್ಲೇ ನಿಲ್ಲುತ್ತಾ ಅನ್ನೋದನ್ನ ಮಾತ್ರ ಆ ನಂಬರ್ ಹೇಳಲ್ಲ. ನಮಗೆ ಬೇಕಾಗಿರೋದು ಈ ಎರಡೇ: ಕೈಗೆ ಹಿತ ಇರಬೇಕು, ಚುರುಕಾಗಿರಬೇಕು. ಎರಡನ್ನೂ ಸ್ವಲ್ಪ ಬಿಡಿಸಿ ನೋಡೋಣ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ವಿಟಿಯು ಮೊದಲ ವರ್ಷದ ಕಂಪ್ಯೂಟರ್ ಡ್ರಾಯಿಂಗ್ ಲ್ಯಾಬಿನಲ್ಲಿ ಕೂತು ನೋಡಿದವರಿಗೆ ಗೊತ್ತು. ಸಿರುಗುಪ್ಪ, ಕುರುಗೋಡು ಕಡೆಯಿಂದ ದಿನಾ ಬಸ್ಸಿನಲ್ಲಿ ಬರೋ ನಮ್ಮ ಕ್ಲಾಸಿನವರಲ್ಲಿ ಕೆಲವರಿಗೆ ಅಲ್ಲಿಯವರೆಗೆ ಮೊಬೈಲ್ ಬಿಟ್ಟರೆ ಬೇರೆ ಕಂಪ್ಯೂಟರ್ ಇರಲಿಲ್ಲ. ಮೌಸ್ ಸರಿಯಾಗಿ ಕೈಗೆ ಸಿಕ್ಕಿದ್ದೇ ಕಾಲೇಜಿನ ಲ್ಯಾಬಿನಲ್ಲಿ. ಪ್ರೊಜೆಕ್ಷನ್ ಪೂರ್ತಿ ಗೊತ್ತು, ಪೇಪರ್ ಮೇಲೆ ಬರೆದು ತೋರಿಸ್ತಾರೆ, ಆದರೆ ಸ್ಕ್ರೀನ್ ಮೇಲೆ ಒಂದು ಎಂಡ್ ಪಾಯಿಂಟ್ ಹಿಡಿಯೋಕೆ ನಾಲ್ಕು ಸಲ ಪ್ರಯತ್ನ ಮಾಡಬೇಕು. ಹೀಗೆ ಹೋಗೋ ಟೈಮು ವಿಷಯ ಬರದೇ ಹೋಗಿದ್ದಲ್ಲ. ಅಂಥವರು ಮನೆಗೆ ಅಂತ ಮೊದಲ ಮೌಸ್ ಕೊಳ್ಳುವಾಗ ಕೊಡೋ ಮುನ್ನೂರು ನಾನೂರು ರೂಪಾಯಿ ಸರಿಯಾದ ಕಡೆ ಹೋಗಲಿ ಅಂತ ಇಷ್ಟು ಬರೀತಿದ್ದೀವಿ.

ಒಳಗೆ ಏನಿದೆ ಅನ್ನೋದರಿಂದ ಶುರು ಮಾಡೋಣ. ಮೌಸ್ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಅವರದ್ದು ಯೋಚನೆ, ಬಿಲ್ ಇಂಗ್ಲಿಷ್ ಅದನ್ನು ಮರದ ಡಬ್ಬಿಯಲ್ಲಿ ಎರಡು ಚಕ್ರ ಕೂರಿಸಿ ಮಾಡಿಕೊಟ್ಟರು. ಅಡ್ಡಕ್ಕೆ ಒಂದು ಚಕ್ರ, ಉದ್ದಕ್ಕೆ ಒಂದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಜನರ ಮುಂದೆ ತೋರಿಸಿದರು. ಆಮೇಲೆ ಚೆಂಡಿನ ಮೌಸ್ ಬಂತು. ನಮ್ಮ ಬಳ್ಳಾರಿ ಧೂಳಿನಲ್ಲಿ ಆ ಚೆಂಡನ್ನು ಎಷ್ಟು ಸಲ ತೆಗೆದು ಒರೆಸಬೇಕಾಗಿತ್ತೋ, ಅಣ್ಣಂದಿರನ್ನ ಕೇಳಿ! 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ಮೇಲೆ ಚೆಂಡಿನ ಕಾಲ ಮುಗೀತಾ ಬಂತು. ಅದರ ಹೊಟ್ಟೆಯಲ್ಲಿ ಇದ್ದದ್ದು ಒಂದು ಪುಟ್ಟ ಕ್ಯಾಮೆರಾ. ಟೇಬಲ್ಲಿನ ಫೋಟೋವನ್ನು ಸೆಕೆಂಡಿಗೆ 1500 ಸಲ ತೆಗೆಯುತ್ತಿತ್ತು. ಇವತ್ತಿನ ಮೌಸ್‌ಗಳೂ ಇದೇ ದಾರಿಯಲ್ಲಿವೆ.

ಫೋಟೋದಿಂದ ಚಲನೆ ಹೇಗೆ ಗೊತ್ತಾಗುತ್ತೆ? ಸಿರುಗುಪ್ಪ ಬಸ್ಸಿನಲ್ಲಿ ಕಿಟಕಿ ಸೀಟು ಸಿಗೋದೇ ಕಷ್ಟ, ಸಿಕ್ಕಿತು ಅಂದ್ಕೊಳ್ಳಿ. ಹೊರಗೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಒಂದು ಫೋಟೋ ತೆಗೀರಿ, ಒಂದು ನಿಮಿಷ ಬಿಟ್ಟು ಇನ್ನೊಂದು ತೆಗೀರಿ. ಎರಡರಲ್ಲೂ ಅದೇ ಹಸಿರು. ಬಸ್ಸು ಎಷ್ಟು ಮುಂದೆ ಹೋಯ್ತು ಅಂತ ಫೋಟೋ ನೋಡಿ ಹೇಳೋಕಾಗಲ್ಲ. ಅದೇ ಕುರುಗೋಡಿನ ಕಡೆ ಹೋಗಿ. ಬಂಡೆಗುಡ್ಡಗಳು, ಒಂದರ ಹಾಗೆ ಇನ್ನೊಂದಿಲ್ಲ. ಮೊದಲ ಫೋಟೋದಲ್ಲಿ ಬಲಗಡೆ ಇದ್ದ ಬಂಡೆ ಎರಡನೇದರಲ್ಲಿ ಎಡಕ್ಕೆ ಸರಿದಿದೆ ಅಂದರೆ ಬಸ್ಸು ಇಷ್ಟು ಚಲಿಸಿದೆ ಅಂತ ಲೆಕ್ಕ ಹಾಕಬಹುದು. ಮೌಸ್ ಒಳಗಿನ ಸೆನ್ಸರ್ ಮಾಡೋದು ಇದನ್ನೇ. ಗುರುತು ಹಿಡಿಯೋಕೆ ಅದಕ್ಕೆ ಸಣ್ಣ ಸಣ್ಣ ಉಬ್ಬು ತಗ್ಗು ಬೇಕು. ಗಾಜಿನ ಟೇಬಲ್, ಪಾಲಿಶ್ ಟೈಲ್ಸ್, ಹೊಳೆಯೋ ಸನ್‌ಮೈಕಾ ಇವೆಲ್ಲ ಸಿರುಗುಪ್ಪ ರೋಡು. ಬಟ್ಟೆಯ ಪ್ಯಾಡ್ ಕುರುಗೋಡು ರೋಡು.

ಆದ್ದರಿಂದ ಕರ್ಸರ್ ಜಿಗಿಯುತ್ತೆ ಅಂತ ಹೊಸ ಮೌಸ್ ಕೊಳ್ಳೋಕೆ ಹೊರಡೋ ಮುಂಚೆ, ಹಳೇದನ್ನೇ ಒಂದು ಬಟ್ಟೆಯ ಮೇಲೆ ಓಡಿಸಿ ನೋಡಿ. ಅರ್ಧ ದೂರು ಅಲ್ಲೇ ಮುಗಿಯುತ್ತೆ. ಜೀನ್ಸ್ ಹೊಲಿಗೆಗೆ ಹೆಸರಾದ ಊರಲ್ಲಿ ಇದ್ದುಕೊಂಡು ನಾವು ಪ್ಯಾಡಿಗೆ ಬೇರೆ ದುಡ್ಡು ಯಾಕೆ ಕೊಡಬೇಕು? ಹಾಸ್ಟೆಲಿನಲ್ಲಿ ನಾವು ಮಾಡಿಕೊಂಡಿದ್ದು ಹೀಗೆ: ದಪ್ಪ ಜೀನ್ಸ್ ಬಟ್ಟೆಯ ತುಂಡು, ಒಂದು ಗಟ್ಟಿ ರಟ್ಟು, ಫೆವಿಕಾಲ್. ಸುಕ್ಕಿಲ್ಲದ ಹಾಗೆ ಎಳೆದು ಅಂಟಿಸಬೇಕು. ಇಲ್ಲಿ ಒಂದು ಮಜಾ ಇದೆ. ಜೀನ್ಸ್ ಬಟ್ಟೆಯಲ್ಲಿ ಉದ್ದದ ನೂಲಿಗೆ ಮಾತ್ರ ನೀಲಿ ಬಣ್ಣ, ಅಡ್ಡ ನೂಲು ಬಿಳಿ. ನೀಲಿ ಬಣ್ಣ ಕೆಂಪು ಬೆಳಕನ್ನು ಹೀರಿಕೊಳ್ಳುತ್ತೆ, ಬಹಳಷ್ಟು ಮೌಸ್‌ಗಳ ಲೈಟೋ ಕೆಂಪು. ಹಾಗಾಗಿ ಬಟ್ಟೆಯ ಒಳಮೈ, ಅಂದರೆ ಬಿಳಿ ಜಾಸ್ತಿ ಕಾಣೋ ಕಡೆ, ಮೇಲೆ ಬರಲಿ.

ಈಗ ಡಿಪಿಐಗೆ ಬರೋಣ. ಮೌಸ್ ಒಂದು ಇಂಚು ಸರಿದರೆ ಎಷ್ಟು ಹೆಜ್ಜೆ ಎಣಿಸುತ್ತೆ ಅನ್ನೋದೇ ಡಿಪಿಐ. ವಿಂಡೋಸ್‌ನಲ್ಲಿ ಪಾಯಿಂಟರ್ ಸ್ಪೀಡ್ ನಡುವೆ ಇಟ್ಟು, ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಟಿಕ್ ತೆಗೆದರೆ ಒಂದು ಹೆಜ್ಜೆಗೆ ಒಂದು ಪಿಕ್ಸೆಲ್. ಸ್ಕ್ರೀನ್ ಅಗಲ 1920 ಪಿಕ್ಸೆಲ್ ಅಂದುಕೊಂಡರೆ 800 ಡಿಪಿಐನಲ್ಲಿ ಈ ಕೊನೆಯಿಂದ ಆ ಕೊನೆಗೆ ಹೋಗೋಕೆ ಕೈ 2.4 ಇಂಚು, ಅಂದರೆ ಸುಮಾರು 6 ಸೆಂಟಿಮೀಟರ್ ಸರಿಯಬೇಕು. 1600ರಲ್ಲಿ 3 ಸೆಂಟಿಮೀಟರ್. 6400ರಲ್ಲಿ ಏಳೂವರೆ ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಭತ್ತದ ಕಾಳಿನ ಉದ್ದ! ಇಡೀ ಸ್ಕ್ರೀನ್ ಒಂದು ಕಾಳಿನೊಳಗೆ ಬಂದ ಮೇಲೆ ಎರಡು ಪಿಕ್ಸೆಲ್ ದಪ್ಪದ ಲೈನು ಹಿಡಿಯೋದು ಹೇಗೆ? ಕೈಯ ಸಹಜ ನಡುಕವೇ ಅದಕ್ಕಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಸ್ಕ್ರೀನಿಗೆ 800ರಿಂದ 1600 ಸಾಕು, ಈ ಮಟ್ಟ ಕಡಿಮೆ ಬೆಲೆಯ ಮೌಸ್‌ನಲ್ಲೂ ಸಿಗುತ್ತೆ. ಮೇಲಿನ ನಂಬರಿಗೆ ಕೊಡೋ ದುಡ್ಡು ಡಬ್ಬಿಗೆ ಕೊಟ್ಟ ಹಾಗೆ. ಕೆಲವು ಅಗ್ಗದ ಮೌಸ್‌ಗಳಲ್ಲಿ ಆ ದೊಡ್ಡ ನಂಬರ್ ಸೆನ್ಸರಿನದ್ದೇ ಅಲ್ಲ, ಎಣಿಸಿದ್ದನ್ನು ಗುಣಿಸಿ ತೋರಿಸಿದ್ದು. ಆಗ ಕರ್ಸರ್ ನಡುವಿನ ಪಿಕ್ಸೆಲ್ ಬಿಟ್ಟು ಹಾರುತ್ತೆ.

ಹಾಗಾದರೆ ಸಣ್ಣ ಬಿಂದುವನ್ನು ಬೇಗ ಹಿಡಿಯೋದಕ್ಕೆ ಏನು ದಾರಿ? 1954ರಲ್ಲಿ ಪಾಲ್ ಫಿಟ್ಸ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಸೂತ್ರ ಕೊಟ್ಟರು. ಗುರಿ ಎಷ್ಟು ದೂರ ಇದೆ ಅನ್ನೋದನ್ನ ಎರಡರಿಂದ ಗುಣಿಸಿ, ಗುರಿಯ ಅಗಲದಿಂದ ಭಾಗಿಸಿ, ಬೇಸ್ 2ರ ಲಾಗ್ ತಗೊಳ್ಳಿ. ಅದು ಆ ಕೆಲಸದ ಕಷ್ಟ. ಕಷ್ಟ ಹೆಚ್ಚಾದಷ್ಟೂ ಟೈಮು ಹೆಚ್ಚು. 800 ಪಿಕ್ಸೆಲ್ ದೂರದಲ್ಲಿ 4 ಪಿಕ್ಸೆಲ್ ಗುರಿ ಇದ್ದರೆ ಕಷ್ಟ 8.6. ಅದೇ ಗುರಿ 20 ಪಿಕ್ಸೆಲ್ ಆದರೆ 6.3. ಆಟೋಕ್ಯಾಡ್‌ನಲ್ಲಿ ಆಬ್ಜೆಕ್ಟ್ ಸ್ನ್ಯಾಪ್ ಆನ್ ಮಾಡಿದಾಗ ಆಗೋದು ಇದೇ, ಬಿಂದುವಿನ ಹತ್ತಿರ ಹೋದರೆ ಸಾಕು ಅದೇ ಹಿಡಿಯುತ್ತೆ, ಗುರಿ ದೊಡ್ಡದಾದ ಹಾಗೆ. 1978ರಲ್ಲಿ ಝೆರಾಕ್ಸ್ ಸಂಸ್ಥೆಯ ಕಾರ್ಡ್, ಇಂಗ್ಲಿಷ್ ಮತ್ತು ಬರ್ ಇದೇ ಸೂತ್ರ ಇಟ್ಟುಕೊಂಡು ಜಾಯ್‌ಸ್ಟಿಕ್, ಬಾಣದ ಕೀಗಳ ಜೊತೆ ಮೌಸ್ ಹೋಲಿಸಿ ನೋಡಿದರು. ಮೌಸೇ ಮುಂದೆ ಬಂತು. (ಆ ಇಂಗ್ಲಿಷ್ ಬೇರೆ ಯಾರೂ ಅಲ್ಲ, ಮರದ ಡಬ್ಬಿಯ ಬಿಲ್ ಇಂಗ್ಲಿಷ್.)

ಇನ್ನು ಕೈ. ಒಂದು ಸ್ಕೇಲ್ ತಗೊಂಡು ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆಯಿರಿ. ಅದರ 60 ಪರ್ಸೆಂಟ್ ಹತ್ತಿರ ಮೌಸ್ ಉದ್ದ ಇರಲಿ ಅನ್ನೋದು ಆಡುವವರಲ್ಲಿ ರೂಢಿಯಲ್ಲಿರೋ ಲೆಕ್ಕ. 18 ಸೆಂಟಿಮೀಟರ್ ಕೈಗೆ ಹತ್ತಿರಹತ್ತಿರ 11, 20 ಸೆಂಟಿಮೀಟರ್ ಕೈಗೆ 12. ಇದು ಅಂದಾಜು ಅಷ್ಟೇ, ಯಾಕೆಂದರೆ ಹಿಡಿಯೋ ರೀತಿ ಒಬ್ಬೊಬ್ಬರದ್ದು ಒಂದೊಂದು. ಇಡೀ ಅಂಗೈ ಊರಿ ಹಿಡಿಯುವವರಿಗೆ ಬೆನ್ನು ಎತ್ತರ ಇರೋ ದೊಡ್ಡ ಮೌಸ್ ಬೇಕು. ಬರೀ ಬೆರಳ ತುದಿಯಲ್ಲಿ ಹಿಡಿಯುವವರಿಗೆ ಚಿಕ್ಕದು, ಹಗುರದ್ದು. ಲ್ಯಾಪ್‌ಟಾಪ್ ಬ್ಯಾಗಿಗೆ ಅಂತ ಮಾರೋ ಪುಟಾಣಿ ಮೌಸ್ ದೊಡ್ಡ ಕೈಯವರಿಗೆ ಕೊಟ್ಟರೆ ಬೆರಳು ಮಡಚಿಕೊಂಡೇ ಗಂಟೆಗಟ್ಟಲೆ ಕೂರಬೇಕಾಗುತ್ತೆ. ಎಡಗೈಯವರು ಎರಡೂ ಕಡೆ ಒಂದೇ ಆಕಾರ ಇರೋದನ್ನ ಕೇಳಿ ತಗೊಳ್ಳಿ. ಬಟನ್ ಅದಲು ಬದಲು ವಿಂಡೋಸ್‌ನಲ್ಲೇ ಮಾಡಬಹುದು, ಆದರೆ ಬಲಗೈ ಹೆಬ್ಬೆರಳಿಗೆ ಅಂತ ಕೊರೆದ ಗುಳಿಯನ್ನು ಸೆಟ್ಟಿಂಗ್‌ನಲ್ಲಿ ತಿರುಗಿಸೋಕಾಗಲ್ಲ!

ಮೌಸ್ ಎಷ್ಟೇ ಒಳ್ಳೇದಿದ್ದರೂ ಟೇಬಲ್ ಎತ್ತರ ಇದ್ದು ಕುರ್ಚಿ ತಗ್ಗಿದ್ದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತೆ. ಮೊಣಕೈ ಟೇಬಲ್ ಮಟ್ಟಕ್ಕೆ ಬರೋ ಹಾಗೆ ಕೂರಬೇಕು, ಬೇಕಾದರೆ ಒಂದು ದಿಂಬು ಹಾಕ್ಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಹೊತ್ತು ಜುಮ್ ಅಂತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರೋ ಲಕ್ಷಣ ಆಗಿರಬಹುದು. ಆಗ ಮೌಸ್ ಬದಲಿಸ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಕೊಳ್ಳುವಾಗ ಯಾರೂ ನೋಡದ ಭಾಗ ಒಂದಿದೆ, ನಡುವಿನ ಚಕ್ರ. ಅದು ಬರೀ ಸ್ಕ್ರೋಲ್‌ಗೆ ಅಲ್ಲ, ಒತ್ತಿದರೆ ಮೂರನೇ ಬಟನ್. ಆಟೋಕ್ಯಾಡ್‌ನಲ್ಲಿ ಚಕ್ರ ಒತ್ತಿ ಎಳೆದರೆ ಡ್ರಾಯಿಂಗ್ ಸರಿಯುತ್ತೆ, ಎರಡು ಸಲ ಒತ್ತಿದರೆ ಪೂರ್ತಿ ಡ್ರಾಯಿಂಗ್ ಸ್ಕ್ರೀನಿಗೆ ಬರುತ್ತೆ. ಸಾಲಿಡ್‌ವರ್ಕ್ಸ್‌ನಲ್ಲಿ ಚಕ್ರ ಒತ್ತಿ ಎಳೆದೇ ಮಾಡೆಲ್ ತಿರುಗಿಸೋದು. ಒಂದು ಲ್ಯಾಬ್ ಮುಗಿಯೋದರೊಳಗೆ ಅದನ್ನು ನೂರಾರು ಸಲ ಒತ್ತಿರ್ತೀವಿ. ಬಹಳ ಮೌಸ್‌ಗಳಲ್ಲಿ ಈ ಬಟನ್ ಗಟ್ಟಿ, ಒತ್ತುವಾಗ ಚಕ್ರ ಒಂದು ಹಲ್ಲು ಉರುಳಿ ಝೂಮೂ ಆಗಿಬಿಡುತ್ತೆ. ಮೆಕ್ಯಾನಿಕಲ್, ಸಿವಿಲ್‌ನವರು ಡಿಪಿಐ ಬಿಟ್ಟು ಈ ಚಕ್ರ ನೋಡಿಯೇ ಮೌಸ್ ಆರಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

ಚುರುಕಿನ ಬಗ್ಗೆ ಇನ್ನೊಂದು ನಂಬರ್ ಹೇಳ್ತಾರೆ, ಪೋಲಿಂಗ್ ರೇಟ್. ಸಾಮಾನ್ಯ ಮೌಸ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತೆ. ಗೇಮಿಂಗ್ ಮೌಸ್ 1000 ಸಲ. ಆದರೆ 60 ಹರ್ಟ್ಜ್ ಸ್ಕ್ರೀನ್ ಹೊಸ ಚಿತ್ರ ತೋರಿಸೋದೇ 16.7 ಮಿಲಿಸೆಕೆಂಡಿಗೊಮ್ಮೆ. 144 ಹರ್ಟ್ಜ್ ಮಾನಿಟರ್ ಇಟ್ಟುಕೊಂಡು ವ್ಯಾಲರಂಟ್ ಆಡುವವರನ್ನು ಬಿಟ್ಟರೆ ಈ ವ್ಯತ್ಯಾಸ ನಮಗೆ ತಿಳಿಯೋದಿಲ್ಲ. ತಿಳಿಯೋದು ಕ್ಲಿಕ್ಕಿನದ್ದು. ಬಟನ್ ಒಳಗಿನ ಲೋಹದ ಪಟ್ಟಿ ಮುಟ್ಟುವಾಗ ಒಂದೆರಡು ಸಲ ಪುಟಿಯುತ್ತೆ, ಮೌಸ್ ಒಳಗಿನ ಚಿಪ್ ಕೆಲವು ಮಿಲಿಸೆಕೆಂಡ್ ಕಾದು ಅದನ್ನು ಒಂದೇ ಕ್ಲಿಕ್ ಅಂತ ಎಣಿಸುತ್ತೆ. ಡಿಜಿಟಲ್ ಲ್ಯಾಬಿನಲ್ಲಿ ಡಿಬೌನ್ಸ್ ಅಂತ ಓದ್ತೀವಲ್ಲ, ಅದೇ. ಪಟ್ಟಿ ಸವೆದು ಪುಟಿತ ಜಾಸ್ತಿ ಆದಾಗ ಒಂದು ಕ್ಲಿಕ್ ಎರಡಾಗುತ್ತೆ. ಹಾಗಾದ ಮೌಸ್‌ಗೆ ಪ್ಯಾಡ್ ಬದಲಿಸಿ ಏನೂ ಉಪಯೋಗ ಇಲ್ಲ.

ವೈರೋ ವೈರ್‌ಲೆಸ್ಸೋ? ಮನೆಯಲ್ಲೇ ಇಡೋದಾದರೆ ವೈರ್, ಸೆಲ್ ಖರ್ಚಿಲ್ಲ, ಭಾರ ಕಡಿಮೆ. ಬಸ್ಸಿನಲ್ಲಿ ದಿನಾ ಹೊತ್ತು ತಿರುಗೋರಿಗೆ ವೈರ್‌ಲೆಸ್ ಅನುಕೂಲ, ಏಕೆಂದರೆ ಬ್ಯಾಗಿನಲ್ಲಿ ಮಡಚಿ ಮಡಚಿ ವೈರು ಬುಡದಲ್ಲೇ ಹೋಗುತ್ತೆ. ವೈರ್‌ಲೆಸ್ ತಡವರಿಸಿದರೆ ಅದರ ಡಾಂಗಲ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಪೋರ್ಟು, ಅದಕ್ಕೆ ಹಾಕಿದ ಪೆನ್‌ಡ್ರೈವು ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಸುತ್ತ ಗದ್ದಲ ಮಾಡುತ್ತೆ, ಡಾಂಗಲ್ ಮಾತಾಡೋದೂ ಅಲ್ಲೇ. ಡಾಂಗಲನ್ನು ಆ ಕಡೆಯ ಪೋರ್ಟಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತೆ.

ನಮ್ಮೂರಿನ ಬಿಸಿಲಿಗೆ ಒಂದು ಮಾತು. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟಿದಾಗ ಅಂಗೈ ಬೆವರದೇ ಇರುತ್ತಾ? ಅಂಗಡಿಯಲ್ಲಿ ಮುಟ್ಟಿದಾಗ ರೇಷ್ಮೆ ಥರ ಮೆತ್ತಗೆ ಅನ್ನಿಸೋ ರಬ್ಬರ್ ಲೇಪ ಒಂದೆರಡು ವರ್ಷಕ್ಕೆ ಜಿಗುಟಾಗಿ ಕೈಗೆ ಅಂಟುತ್ತೆ. ಒರಟು ಪ್ಲಾಸ್ಟಿಕ್ಕೇ ಮೇಲು.

ಬೆಂಗಳೂರು ರೋಡಿನ ಅಂಗಡಿಗೆ ಹೋದಾಗ ಮುಜುಗರ ಮಾಡ್ಕೋಬೇಡಿ, "ಅಣ್ಣಾ, ಒಂದು ಸಲ ಹಾಕಿ ತೋರಿಸ್ರೀ" ಅಂತ ಕೇಳಿ. ಕಣ್ಣು ಮುಚ್ಚಿ ಒಂದು ನಿಮಿಷ ಹಿಡಿದು ನೋಡಿ, ಕಿರುಬೆರಳು ಎಲ್ಲಿ ಕೂರುತ್ತೆ ಗಮನಿಸಿ, ಟೇಬಲ್ಲಿಗೆ ಉಜ್ಜುತ್ತಿದ್ದರೆ ಅದು ನಿಮಗೆ ಚಿಕ್ಕದು. ಪೇಂಟ್ ತೆಗೆದು ತೀರಾ ನಿಧಾನಕ್ಕೆ ಒಂದು ಓರೆ ಗೆರೆ, ಒಂದು ಸೊನ್ನೆ ಎಳೀರಿ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿದರೆ ಬೇಡ. ಚಕ್ರವನ್ನು ಹತ್ತು ಸಲ ಒತ್ತಿ, ಪ್ರತಿ ಸಲ ಪೇಜು ಅಲುಗಾಡಿದರೆ ಬೇಡ. ಬಿಲ್ ಮೇಲೆ ತಾರೀಕು ಹಾಕಿಸ್ಕೊಂಡು ಅದರ ಫೋಟೋ ತೆಗೆದಿಡಿ. ವಾರಂಟಿ ಕೇಳೋಕೆ ಹೋಗೋ ಹೊತ್ತಿಗೆ ಆ ಚೀಟಿಯ ಶಾಯಿ ಮಾಸಿ ಬರೀ ಬಿಳಿ ಕಾಗದ ಉಳಿದಿರುತ್ತೆ.